ಡಬ್ಬ ಹಾಕಿದ ಲೋಟದ ದೇವರು

ಜುಲೈ 6, ರವಿವಾರ

ಇವತ್ತಿನ ಆಟ ಛಲೋ ಆತು. ನಾ ಮಾಡಿದ ಹೊಸ ಕಾಯ್ದೆ ನನಗ ಎಷ್ಟು ಸೇರೇತಿ ಅಂದ್ರ, ಚಾ ಆರಿದ್ರೂ ಆರಲಿ ಅಂತ ಬರಿಯಾಕ ಕುಂತೇನಿ.

ನಮ್ಮದು ನಾಲ್ಕ ಮಂದಿ ಆಟ. ಒಂದು ನಕಾಶಿ, ನಾಲ್ಕಾರು ದಾಳ, ಉಳಿದದ್ದೆಲ್ಲಾ ಬಾಯಿಮಾತು. ಅವರು ಮೂರು ಮಂದಿ ಒಂದೊಂದು ಪಾತ್ರ ಹಿಡೀತಾರ. ಮಿಕ್ಕಿದ್ದು, ಅಂದ್ರ ಊರು, ಹೊಳಿ, ಕಳ್ಳರು, ದೆವ್ವ, ದೇವರು, ಎಲ್ಲಾ ನಾನ. ಬಯಲಾಟದಾಗ ಬಾಜೂಕ ನಿಂತು ಕತಿ ನಡಸಾಂವ ಭಾಗವತ ಇರ್ತಾನಲ್ಲ, ಹಂಗ ನನಗೂ ಭಾಗವತರ ಅಂತಾರ. ಹಗಲೆಲ್ಲಾ ಗೋಕಾಕ ಕೋರ್ಟಿನ ಮುಂದ ಕುಂತು ಮಂದಿಯ ಅಫಿಡವಿಟ್ ಟೈಪ್ ಮಾಡೂ ದಾನೇಶ್ವರಿಗೆ ವಾರಕ್ಕೊಂದು ಮಧ್ಯಾಹ್ನ ಇಷ್ಟು ಅಧಿಕಾರ ಸಿಕ್ರ ಬಿಡ್ತಾಳೇನು?

ತಕರಾರು ಏನಂದ್ರ, ಇವರು ಸಣ್ಣದಕ್ಕೂ ದೊಡ್ಡದಕ್ಕೂ ದೇವರನ್ನ ಕರೀತಾರ. ಮೂಡಲಗಿಯಿಂದ ಬಸ್ ಹತ್ತಿ ಬರೂ ಪರಸಪ್ಪ ಮಾಸ್ತರರಂತೂ ಎಡಗಡೆ ಬಾಗಿಲಾ ತಗೀಲೋ ಬಲಗಡೆದು ತಗೀಲೋ ಅಂತನೂ ದೇವರಿಗೆ ಕೇಳೂ ಪೈಕಿ. ದೇವರಂದ್ರ ಬಸ್ ಸ್ಟ್ಯಾಂಡಿನ ಚೌಕಶಿ ಕಿಡಕಿ ಅಂತ ತಿಳದಾರ. ಅದಕ್ಕ ಇವತ್ತ ಮೂರು ಕಾಯ್ದೆ ಹಾಕಿದೆ. ದೇವರು ಬಾಯಿಬಿಟ್ಟು ಮಾತಾಡಂಗಿಲ್ಲ, ಹೂ ಅಷ್ಟ ಕೊಡೂದು. ಒಂದು ಆಟಕ್ಕ ಒಬ್ಬರಿಗೆ ಒಂದ ಪ್ರಶ್ನೆ. ಮತ್ತ, ದೇವರು ಸುಳ್ಳು ಹೇಳಂಗಿಲ್ಲ.

ಹೂವಿನ ವ್ಯವಸ್ಥಾ ರಾಧಿಕಾಂದು. ಅಕಿ ಝೆರಾಕ್ಸ್ ಅಂಗಡಿ ಹಿಂದಿನ ಖೋಲ್ಯಾಗ ನಾವು ಆಡೂದು. ಸ್ಟೀಲ್ ಲೋಟ ತಳಾ ಮ್ಯಾಲ ಮಾಡಿ ಡಬ್ಬ ಹಾಕಿ, ಒಂದು ಕಡೆ ಕಪ್ಪು ಬೊಟ್ಟಿಟ್ಟು, ಇದ ದೇವಿ ಮಾರಿ ಅಂದ್ಳು. ಎರಡ ಚೆಂಡು ಹೂವಿನ ಎಸಳು ನೀರಾಗ ಅದ್ದಿ ಲೋಟದ ಎಡಕ್ಕೊಂದು ಬಲಕ್ಕೊಂದು ಅಂಟಿಸೂದು. ಬಲಕ್ಕಿಂದು ಮೊದಲ ಬಿದ್ರ ಹೌದು, ಎಡಕ್ಕಿಂದು ಬಿದ್ರ ಅಲ್ಲ. ನಮ್ಮ ಕಡೆ ಗುಡ್ಯಾಗ ಕೇಳ್ತಾರಲ್ಲ, ಹಂಗ.

ಇಲ್ಲಿ ಅಷ್ಟ ಬರದಿಡತೇನಿ: ಮೂಲ್ಯಾಗ ಟೇಬಲ್ ಫ್ಯಾನ್ ಐತಿ. ಗಾಳಿ ಬಡಿಯೂ ಕಡಿ ಎಸಳು ಮೊದಲ ಒಣಗಿ ಬೀಳತೈತಿ. ಲೋಟ ಹೆಂಗ ತಿರುಗಿಸಿ ಇಡಬೇಕು ಅನ್ನೂದು ನನ್ನ ಕೈಯಾಗ. ಅಂದ್ರ ದೇವರು ನನ್ನ ಕೈಯಾಗ.

ಅಜ್ಜ ಇದ್ದಿದ್ರ ನಗತಿದ್ದ. ಲಿಂಗಾ ಅಂಗೈಯಾಗ ಇಟ್ಟಕೊಂಡು ನೀನ ಮಾತಾಡು, ನಡುವ ಯಾರೂ ಬ್ಯಾಡ ಅನ್ನೂ ಬಸವಣ್ಣನ ಮನಿ ನಮ್ಮದು. ನಾ ಲಿಂಗಾ ತಗದು ತಿಜೂರಿ ಖಾನೆದಾಗ ಇಟ್ಟು ಹನ್ನೊಂದ ವರ್ಷ ಆತು, ಅವ್ವ ತೀರಿದ ವರ್ಷ. ಆ ಕಡಿಂದ ಉತ್ತರ ಬರಂಗಿಲ್ಲ ಅಂತ ಖಾತ್ರಿ ಆತು, ಇಟ್ಟೆ. ಈಗ ಬ್ಯಾರೇಯವರಿಗೆ ನಾನ ಉತ್ತರಾ ಕೊಡಾಕತ್ತೇನಿ.

ಜುಲೈ 24, ಗುರುವಾರ

ಮಲ್ಲೇಶನ ಅಣ್ಣ ಕೆಂಚಪ್ಪ ನೀರಿಗೆ ಹ್ವಾದ್ನಂತ. ಮಲ್ಲೇಶ ನಮ್ಮ ಮೂರನೇ ಆಟಗಾರ, ಹಿಡಕಲ್ ಡ್ಯಾಮಿನ್ಯಾಗ ನೀರಿನ ಮಟ್ಟಾ ನೋಡಿ ಬರಿಯೂ ನೌಕರಿ. ಮಂಗಳವಾರ ನಸುಕಿನ್ಯಾಗ ಕೆಂಚಪ್ಪ ಹಿನ್ನೀರಾಗ ಮೀನಿನ ಬಲಿ ತಗ್ಯಾಕ ಹೋದಾಂವ ಮರಳಿ ಬಂದಿಲ್ಲ. ಹರಗೋಲ ಅಷ್ಟ ಸಿಕ್ಕೇತಿ, ಡಬ್ಬ ಬಿದ್ದದ್ದು. ಹೆಣಾ ಸಿಕ್ಕಿಲ್ಲ.

ಫೋನ್ ಮಾಡಿದೆ. "ಹುಡಕಾಕತ್ತೇವ್ರೀ ಅಕ್ಕಾರ," ಅಂದ. ಅಷ್ಟ.

ಆಗಸ್ಟ್ 10, ರವಿವಾರ

ಮಲ್ಲೇಶ ಇವತ್ತ ಆಟಕ್ಕ ಬಂದಿದ್ದ. ನಾವು ಯಾರೂ ಕರದಿದ್ದಿಲ್ಲ. ದಾಡಿ ಬೆಳದೈತಿ, ಕಣ್ಣು ಒಳಗ ಹೋಗ್ಯಾವು. ಹುಡುಕೂದು ನಿಲ್ಲಿಸ್ಯಾರಂತ. ಪರಸಪ್ಪ ಮಾಸ್ತರು "ಇವತ್ತ ಆಟ ಬ್ಯಾಡ, ಸುಮ್ನ ಕೂಡೂಣು" ಅಂದ್ರ, "ಇಲ್ರಿ, ಆಡೂಣ್ರಿ" ಅಂದ. ಪಾಪ, ಮನಸ್ಸಿಗೆ ಒಂದು ತಾಸು ಬ್ಯಾರೆ ಏನರ ಬೇಕಾಗಿರಬೇಕು ಅಂತ ನಾನೂ ಹೂಂ ಅಂದೆ.

ಆಟದಾಗ ಅವನ ಪಾತ್ರ ಅಂಬಿಗರ ಉದ್ದಪ್ಪ. ಉದ್ದಪ್ಪನ ದೇವರು ಮಡುವಿನವ್ವ. ಅವನ ಅಣ್ಣನ್ನ ದೆವ್ವಗಳು ಹಿಡಕೊಂಡು ಹೋಗಿ ಐದ ತಿಂಗಳಾತು, ಮಾರ್ಚ್‌ನಿಂದ ಅದ ಕತಿ ನಡದೈತಿ. ಅಣ್ಣ ಗವಿಯಾಗ ಜೀವಂತ ಅದಾನ ಅಂತ ನನ್ನ ಆಟದ ವಹಿಯಾಗ ಆವಾಗಿಂದ ಬರದೇತಿ.

ಅರ್ಧಾ ತಾಸು ಆಡಿದ್ವೋ ಇಲ್ಲೋ, ಮಲ್ಲೇಶ ಅಂದ: "ಮಡುವಿನವ್ವಗ ಕೇಳ್ತೇನ್ರಿ. ನಮ್ಮಣ್ಣ ಜೀವಂತ ಅದಾನೇನು?"

ನಾ ಲೋಟಾ ತಿರುಗಿಸಿ ಬಲಗಡೆ ಎಸಳು ಫ್ಯಾನಿಗೆ ಬರೂ ಹಂಗ ಇಟ್ಟೆ. ಐದು ನಿಮಿಷದಾಗ ಬಲಕ್ಕ ಬಿತ್ತು. ಅಂವ ಎಸಳು ಎತ್ತಿಕೊಂಡು ಕಣ್ಣಿಗೆ ಒತ್ತಿದ, ವಸ್ತ್ರದಾಗ ಕಟ್ಟಿಕೊಂಡ, ಆಟ ಅರ್ಧಕ್ಕ ಬಿಟ್ಟು ಎದ್ದು ಹ್ವಾದ. ಪಾತ್ರದಾಗ ಭಾಳ ಇಳದಾನ ಅಂದ್ಕೊಂಡೆ.

ಆಗಸ್ಟ್ 12, ಮಂಗಳವಾರ

ಅಂವ ಕೇಳಿದ್ದು ಉದ್ದಪ್ಪನ ಅಣ್ಣನ್ನ ಅಲ್ಲ. ಕೆಂಚಪ್ಪನ್ನ.

ರಾಧಿಕಾ ಅವಗ ಫೋನ್ ಮಾಡಿದ್ಳಂತ, ಕೋರ್ಟಿನ ಮುಂದ ಬಂದು ಹೇಳಿದ್ಳು. ಮಲ್ಲೇಶ ಮನಿಗೆ ಹೋಗಿ, ಗೋಕಾಕದಾಗ ಒಬ್ಬ ಅಕ್ಕಾರು ಹೂ ಕೇಳಿ ಹೇಳ್ತಾರ, ಬಲಕ್ಕ ಬಿದ್ದೈತಿ ಅಂದಾನ. ಅವರವ್ವ ಚನ್ನವ್ವ ಎಸಳನ್ನ ದೇವರ ಜಗುಲಿ ಮ್ಯಾಲ ಇಟ್ಟು, ಅಳೂದು ನಿಲ್ಲಿಸಿ, ಮನಿ ಸಾರಿಸ್ಯಾಳ. ಇದು ಛಲೋ ಆತಲ್ಲ ಅಂದ್ರ, ಊಟಾ ಬಿಟ್ಟಾಳ. ಮಗಾ ಬರತಾನಲ್ಲ, ಬಂದಮ್ಯಾಲ ಇಬ್ಬರೂ ಒಂದ ತಾಟಿನ್ಯಾಗ ಉಣ್ಣೂದು ಅಂತಾಳಂತ. ದಿನಕ್ಕ ಒಂದು ಕಪ್ ಚಾ, ಒಂದು ಹಿಡಿ ಚುರುಮುರಿ. ಅರವತ್ತೆಂಟು ವಯಸ್ಸು.

ಬಂದ ಪಕ್ಷಕಾರನಿಗೆ ನಾಳೆ ಬಾ ಅಂದೆ.

ಆಗಸ್ಟ್ 13

ಎಷ್ಟು ಹುಚ್ಚಿ ನಾ. ಅವನ ಮಾರಿ ನೋಡಿಯೂ ತಿಳೀಲಿಲ್ಲ.

ಆಗಸ್ಟ್ 17, ರವಿವಾರ

ಹುಕ್ಕೇರಿ ಕಡಿ ಬಸ್ಸು ಹಿಡದು ಹಿಡಕಲ್‌ಗೆ ಹೋಗಿ ಬಂದೆ. ಮಾರಿ ಮ್ಯಾಲ ಹೇಳಿ ಮುಗಿಸಿ ಬರಬೇಕು ಅಂತ ಹಲ್ಲು ಕಚ್ಚಿ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಯವ್ವಾರ, ಅದು ಆಟ ಇತ್ರಿ, ನಾ ತಪ್ಪು ತಿಳಕೊಂಡೆ ಅಂತ.

ಹಿನ್ನೀರಿನ ದಂಡ್ಯಾಗ ಚನ್ನವ್ವ ಕುಂತಿದ್ರು. ಬಾಜೂಕ ಕೆಂಚಪ್ಪನ ಹರಗೋಲ ಡಬ್ಬ ಹಾಕಿತ್ತು, ನಮ್ಮ ಲೋಟದಾಂಗ. ನನ್ನ ಕಂಡ ಕೂಡ್ಲೆ ಎದ್ದರು, ಎದ್ದಾಕೆ ಜೋಲಿ ಹೊಡದ್ರು, ಮಲ್ಲೇಶ ಹಿಡಕೊಂಡ. ನನ್ನ ಕಾಲಿಗೆ ಬಿದ್ರು. ನನ್ನ ಕಾಲಿಗೆ. ಆ ಕೈ ಎಷ್ಟು ಹಗುರ ಇತ್ತಂದ್ರ ನನಗ ಮುಟ್ಟಿದ್ದ ಗೊತ್ತಾಗಲಿಲ್ಲ.

"ನಿಮ್ಮ ಬಾಯಿಂದ ದೇವಿ ನುಡದಾಳ್ರಿ ಅಕ್ಕಾರ," ಅಂದ್ರು. "ಯಾವತ್ತ ಬರ್ತಾನಂತ ಅದನ್ನೂ ಕೇಳಿಬಿಡ್ರಿ."

ಜೋಡಿಸಿದ್ದ ಮಾತು ಒಂದೂ ಬರಲಿಲ್ಲ. ಕೆಂಚಪ್ಪನ ಹೇಣ್ತಿ ಗೌರಕ್ಕ ನನ್ನ ಬಸ್ಸಿಗೆ ಕಳಸಾಕ ಬಂದಾಕಿ, ದಾರ್ಯಾಗ ಹಸರ ಬಳಿ ತಿರುವಿಕೋತ ಅಂದ್ಳು: "ಅವತ್ತ ಬುತ್ತಿನೂ ಒಯ್ಯಲಿಲ್ರಿ. ಅತ್ತಿ ರೊಟ್ಟಿ ಬಡ್ಯಾಕತ್ತಿದ್ಳು, ತಡೀಲಿಲ್ಲ." ಅಕಿಗೆ ಖರೆ ಗೊತ್ತೈತಿ ಅನಸ್ತು. ಗೊತ್ತಿದ್ದೂ ನನ್ನ ಕಡೆ ಹೂಂ ಅನ್ನಿಸಿಕೊಳ್ಳಾಕ ನೋಡಾಕತ್ತಿದ್ಳು. ನಾ ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಬಸ್ ಬಂತು, ಹತ್ತಿದೆ. ನನ್ನಂಥ ಪುಕ್ಕಲಿ ಯಾರೂ ಇಲ್ಲ.

ಆಗಸ್ಟ್ 20, ಬುಧವಾರ

ಬಾಯಿಂದ ಬರದಿದ್ರ ಬರದಾರ ಕೊಡೂಣು ಅಂತ ಕುಂತೆ. ಹೂ ದೇವರು ಕೊಟ್ಟದ್ದಲ್ಲ, ಲೋಟ ತಿರುಗಿಸಿ ನಾನ ಬೀಳಿಸಿದ್ದು ಅಂತ ಟೈಪ್ ಮಾಡಿದೆ. ರೂಢಿ ನೋಡು, ಕೆಳಗ ತಾನಾಗೇ ಬಂತು: "ಮೇಲಿನದೆಲ್ಲವೂ ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ." ದಿನಾ ಇಪ್ಪತ್ತು ಸರ್ತಿ ಹೊಡಿಯೂ ಸಾಲು. ಇವತ್ತ ಅದರ ಮುಂದ ಕೈ ನಿಂತು ಬಿಡ್ತು. ತಿಳಿವಳಿಕೆ ಒಂದು ಐತಿ, ನಂಬಿಕೆ ಎಲ್ಲಿಂದ ತರಲಿ? ಹರದು ಒಗದೆ.

ಏಳು ವರ್ಷ ಸುದ್ದಿ ಇಲ್ಲಂದ್ರ ಮನಷ್ಯಾ ಸತ್ತಾನಂತ ಕಾಯ್ದೆ ತಿಳೀತೈತಿ. ಆ ಮುದುಕಿ ಕಡೆ ಏಳು ವಾರನೂ ಇಲ್ಲ.

ಆಗಸ್ಟ್ 24, ರವಿವಾರ

ಮಲ್ಲೇಶಗ ಹೇಳಿದೆ. ಎಲ್ಲಾ ಹೇಳಿದೆ. ಆಟದ ಅಣ್ಣ, ವಹಿ, ಲೋಟ, ಫ್ಯಾನು. ಖೋಲ್ಯಾಗ ಇಬ್ಬರ ಇದ್ವಿ. ಲೋಟಾ ಇಟ್ಟು ಎರಡು ಸರ್ತಿ ಬೀಳಿಸಿಯೂ ತೋರಿಸಿದೆ, ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ.

ಸಿಟ್ಟಿಗೆದ್ದು ಬೈತಾನ ಅಂತ ತಯಾರಾಗಿದ್ದೆ. ಬೈದಿದ್ರ ಛಲೋ ಇತ್ತು. ಅಂವ ಲೋಟಾನ ನೋಡಿಕೋತ ಕುಂತ.

"ದೇವರು ಸುಳ್ಳು ಹೇಳಂಗಿಲ್ಲ ಅಂತ ನೀವ ಕಾಯ್ದೆ ಮಾಡೀರಿ, ಅಕ್ಕಾರ."

"ಅದು ಆಟದ ಕಾಯ್ದೆಪಾ."

"ಲೋಟಾ ನೀವು ತಿರುಗಿಸಿದ್ರಿ, ಖರೆ. ನಿಮ್ಮ ಕೈ ಯಾರು ತಿರುಗಿಸಿದ್ರು?"

ಇಲ್ಲಿ ದೇವರು ಎಲ್ಲಿ ಬಂದ? ಮನಿಯಾಗಿನ ನೀರಿನ ಲೋಟ, ಅಂಗಡ್ಯಾಗಿನ ಫ್ಯಾನು. ಅಂವ ಮತ್ತ ಅಂದ: "ನನಗೇನು ಗೊತ್ತಿಲ್ಲ ಅಂತ ತಿಳದೀರೇನ್ರಿ? ಮೂವತ್ತ ದಿನದ ನೀರಿನ ಮಟ್ಟಾ ನನ್ನ ಕೈಲೇನ ಬರದೇನಿ. ಆದ್ರ ಅವ್ವಗ ನಾ ಹೆಂಗ ಹೇಳಲಿ? ಇನ್ನೊಮ್ಮೆ ಹೂ ಕೇಳ್ರಿ. ಎಡಕ್ಕ ಬಿದ್ರ ಅದನ್ನ ಒಯ್ದು ಕೊಡ್ತೇನಿ. ಹೂವ ಹೇಳಲಿ."

ಆತು ಅಂದೆ. ಎಡಕ್ಕ ಬೀಳಿಸೂದು ನನಗೇನು ಕಠಿಣ?

ಆಗಸ್ಟ್ 31, ರವಿವಾರ

ಎಲ್ಲಾರೂ ಸೇರಿದ್ವಿ. ಎಡಗಡೆ ಎಸಳು ಫ್ಯಾನಿಗೆ ಮಾಡಿ ಇಟ್ಟೆ. ಮಲ್ಲೇಶ ಕೈ ಮುಗಿದು, "ನಮ್ಮಣ್ಣ ಕೆಂಚಪ್ಪ ಜೀವಂತ ಅದಾನೇನು?" ಅಂತ ಈ ಸಲ ಹೆಸರ ಹಿಡದ ಕೇಳಿದ. ಕೇಳಿ ಮುಗಸೂದ ತಡಾ, ಲೈಟ್ ಹ್ವಾದುವು.

ಫ್ಯಾನು ಸಾವಕಾಶ ನಿಂತಿತು. ಹೊರಗ ಮಳಿ, ಖೋಲ್ಯಾಗ ಥಂಡಿ. ಎಸಳು ಲೋಟಕ್ಕ ಅಂಟಿಕೊಂಡಾವು, ಅಲುಗವಲ್ಲವು. ಅರ್ಧಾ ತಾಸು, ಒಂದು ತಾಸು. ಪರಸಪ್ಪ ಮಾಸ್ತರು ಒಮ್ಮೆ ಕೆಮ್ಮಿದ್ರು, ಎಲ್ಲಾರೂ ಅವರನ್ನ ದಿಟ್ಟಿಸಿ ನೋಡಿದ್ವಿ. ಊದಿಬಿಡಲೇನು ಅನಸ್ತು. ಸೆರಗಿನ್ಲೆ ಒಂಚೂರು ಗಾಳಿ ಹಾಕಿದ್ರ ಯಾರಿಗೆ ಗೊತ್ತಾಗತಿತ್ತು? ಧೈರ್ಯಾ ಬರಲಿಲ್ಲ. ನನ್ನ ಲೋಟ, ನನ್ನ ಆಟ, ನನಗ ಧೈರ್ಯಾ ಬರಲಿಲ್ಲ.

ಎರಡು ತಾಸಿಗೆ ಮಲ್ಲೇಶ ಎದ್ದ. "ಉತ್ತರಾ ಇಲ್ಲ ಅಂತ ಹೇಳ್ತೇನ್ರಿ," ಅಂದ.

ಯಾಕ ಬೀಳಲಿಲ್ಲ? ಎಡಕ್ಕಾರ ಬೀಳಬೇಕಿತ್ತು, ಬಲಕ್ಕಾರ ಬೀಳಬೇಕಿತ್ತು. ನಾ ಬೇಡದಾಗ ಬಿದ್ದಿ, ಬೇಡಿದಾಗ ಸುಮ್ಮನಿದ್ದಿ. ಇದು ಯಾವ ಊರ ನ್ಯಾಯ?

ಸೆಪ್ಟೆಂಬರ್ 4, ಗುರುವಾರ

ಸೊಸಾಯಿಟಿ ಪಾಸ್‌ಬುಕ್ ಹುಡಕಾಕ ತಿಜೂರಿ ಖಾನೆ ತಗದೆ. ಲಿಂಗದ ವಸ್ತ್ರಕ್ಕ ಧೂಳ ಹತ್ತಿತ್ತು, ಝಾಡಿಸಿ ಬ್ಯಾರೇ ವಸ್ತ್ರ ಸುತ್ತಿಟ್ಟೆ. ಪಾಸ್‌ಬುಕ್ ಸಿಗಲಿಲ್ಲ.

ಚನ್ನವ್ವ ಇನ್ನೂ ಉಂಡಿಲ್ಲ. ಒಂದು ರೊಟ್ಟಿ ತಿನ್ನಿಸು. ನಾ ಬ್ಯಾರೆ ಏನೂ ಬೇಡಾಕತ್ತಿಲ್ಲ, ಒಂದ ರೊಟ್ಟಿ.

ಸೆಪ್ಟೆಂಬರ್ 9, ಮಂಗಳವಾರ

ಚನ್ನವ್ವನ್ನ ಹುಕ್ಕೇರಿಗೆ ಕರಕೊಂಡು ಹೋಗಿ ಸಲಾಯಿನ್ ಹಚ್ಚಿಸಿದ್ರಂತ. ಅರ್ಧಾ ಬಾಟ್ಲಿ ಹೋಗೂದ್ರಾಗ ಸೂಜಿ ಕಿತ್ತುಕೊಂಡಾರ. ಹಿಂಗ ಆದ್ರ ಇನ್ನ ಎಂಟ್ಹತ್ತು ದಿವಸ ಅಂದಾರಂತ ಡಾಕ್ಟರು.

ಕೇಳಾಕತ್ತಿಯೇನು? ಅಕಿ ನಿನಗ ಏನು ಮಾಡ್ಯಾಳ? ತಪ್ಪು ನಂದು. ಮೂರು ಕಾಯ್ದೆ ಮಾಡಿದಾಕಿ ನಾ, ನಕ್ಕಾಕಿ ನಾ. ಅಕಿ ಮಗನ್ನ ತಗೊಂಡಿ, ಈಗ ಅಕಿನ್ನೂ ತಗೋತಿಯೇನು? ನನಗ ಸಿಟ್ಟು ಬಂದೈತಿ. ಖರೆ ಹೇಳ್ತೇನಿ, ಭಾಳ ಸಿಟ್ಟು ಬಂದೈತಿ ನಿನ್ನ ಮ್ಯಾಲ.

ಸೆಪ್ಟೆಂಬರ್ 11

ನಿನ್ನೆ ಬರದದ್ದಕ್ಕ, ಅಲ್ಲ, ಮೊನ್ನೆ ಬರದದ್ದಕ್ಕ ಸಿಟ್ಟಾಗಬ್ಯಾಡ. ಒಂದ ರೊಟ್ಟಿ.

ಸೆಪ್ಟೆಂಬರ್ 14, ರವಿವಾರ

ಚನ್ನವ್ವ ಗೋಕಾಕಕ್ಕ ಬಂದಿದ್ರು.

ಆಟ ಇರಲಿಲ್ಲ. ರಾಧಿಕಾ, ನಾನು, ಮಾಸ್ತರು ಸುಮ್ನ ಕುಂತಿದ್ವಿ, ಮೇಜಿನ ಮ್ಯಾಲ ನಕಾಶಿ, ದಾಳ, ಡಬ್ಬ ಹಾಕಿದ ಲೋಟ ಇದ್ದಲ್ಲೇ ಇದ್ದುವು. ಮಲ್ಲೇಶ ಅವ್ವನ ರಟ್ಟಿ ಹಿಡಕೊಂಡು ಒಳಗ ಬಂದ. ಮೂರು ಪಾವಟಿಗಿ ಹತ್ತಾಕ ಮೂರು ಸರ್ತಿ ನಿಂತ್ರು. ಬಗಲಾಗ ಒಂದು ಬಿಳೇ ವಸ್ತ್ರದ ಗಂಟು.

"ಇದ ಏನ್ರಿ ಗುಡಿ?" ಅಂದ್ರು, ಲೋಟದ ಕಡೆ ನೋಡಿ.

ಇನ್ನ ಆಗಲಿಲ್ಲ ನನಗ. "ಗುಡಿ ಅಲ್ರಿ ಯವ್ವಾರ. ಇದು ಆಟ. ಹೂ ದೇವರು ಕೊಟ್ಟದ್ದಲ್ಲ, ನಾನ ಬೀಳಿಸಿದ್ದು."

"ಗೊತ್ತೈತ್ರಿ. ಮಲ್ಲೇಶ ಹೇಳಿದ, ಫ್ಯಾನಿಂದೂ ಹೇಳಿದ." ಕುರ್ಚಿ ಮ್ಯಾಲ ಕುಂತು ದಮ್ಮು ತಗೊಂಡ್ರು. "ನಮ್ಮೂರ ಪೂಜಾರಿನೂ ಹೂವಿಗೆ ನೀರು ಹೆಚ್ಚು ಕಡಿಮಿ ಹಚ್ಚತಾನ್ರಿ ಅಕ್ಕಾರ. ಸಣ್ಣಾಕಿದ್ದಾಗಿಂದ ನೋಡೇನಿ. ಆದ್ರೂ ಕೇಳತೇವಿ. ಮತ್ಯಾರಿಗೆ ಕೇಳೂದು?"

ಸೆರಗಿನ್ಲೆ ಮಾರಿ ಒರಸಿಕೊಂಡ್ರು.

"ಅದಾನೋ ಇಲ್ಲೋ ಅಂತ ನಾ ಕೇಳಾಕ ಬಂದಿಲ್ರಿ. ನೀರಿನ ದಂಡ್ಯಾಗ ಇಷ್ಟು ದಿನ ಕುಂತಾಕಿಗೆ ಅದೇನು ತಿಳೀಲಾರದ್ದಲ್ಲ. ಅವತ್ತ ಅಂವ ಹಸದ ಹೊಟ್ಟೀಲೆ ಹ್ವಾದ. ತವಿ ಮ್ಯಾಲ ರೊಟ್ಟಿ ಇತ್ತು, ತಡೀಪಾ ಅಂದೆ, ಬಂದು ಉಣ್ತೇನಬೇ ಅಂದ. ನಾ ಹೆಂಗ ಉಣ್ಣಲ್ರಿ? ನನ್ನ ಕೆಂಚಪ್ಪ ಉಂಡಾನೇನು, ಇಷ್ಟ ಕೇಳ್ರಿ ನಿಮ್ಮ ದೇವಿಗೆ."

ರಾಧಿಕಾ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದ್ಳು. ಯಾಕ ಮಾಡಿದ್ಳೋ, ನಾ ಹೇಳಿದ್ದಿಲ್ಲ. ಎಸಳು ನೀರಾಗ ಅದ್ದಿ ಕೈಯಾಗ ಹಿಡಕೊಂಡೆ. ಬಲಕ್ಕ ಬಿದ್ರ ಸುಳ್ಳು. ಎಡಕ್ಕ ಬಿದ್ರ ಈ ಮುದುಕಿ ಇಲ್ಲಿಂದ ಎದ್ದು ಹೋಗಿ ಸಾಯ್ತಾಳ. ಬೀಳದಿದ್ರೂ ಅಷ್ಟ. ಏನರ ಹೇಳು ಅಂತ ಮನಸಿನ್ಯಾಗ ಎಷ್ಟು ಒದರಿದೆ ಅಂದ್ರ, ಕಿವಿ ಗುಂಯ್ ಅಂದುವು. ನೀ ಏನೂ ಹೇಳಲಿಲ್ಲ.

ಎಸಳು ಬಾಜೂಕ ಇಟ್ಟೆ. ಲೋಟಾ ನೆಟ್ಟಗ ಮಾಡಿದೆ. ರಾಧಿಕಾಗ ಇದರಾಗ ನೀರು ತುಂಬು ಅಂದೆ. ಚನ್ನವ್ವನ ಬಗಲಾಗಿನ ಗಂಟು ಇಸಕೊಂಡು, ನಕಾಶಿ ಸರಿಸಿ, ಮೇಜಿನ ಮ್ಯಾಲ ಬಿಚ್ಚಿದೆ. ಎರಡು ಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಲೆ, ಶೇಂಗಾ ಹಿಂಡಿ. ಬಿಸಿ ಇನ್ನೂ ಪೂರ್ತಿ ಆರಿದ್ದಿಲ್ಲ. ರೊಟ್ಟಿ ಮುರದು ಪಲ್ಲೆ ಹಚ್ಚಿಕೊಂಡು ತಿನ್ನಾಕ ಹತ್ತಿದೆ.

ನುಂಗಾಕ ಬರಲಿಲ್ಲ ಮೊದಲ. ನೀರು ಕುಡದು ಮತ್ತ ತಿಂದೆ. ಚನ್ನವ್ವ ನನ್ನ ಬಾಯಿನ ನೋಡಿಕೋತ ಕುಂತಿದ್ರು, ತಾಯಿ ಮಗನ ಬಾಯಿ ನೋಡಿದಂಗ.

"ಉಪ್ಪು ಸರಿ ಐತೇನವಾ?"

"ಸರಿ ಐತ್ಯವ್ವಾ."

"ಸಾವಕಾಶ ತಿನ್ನು. ಇನ್ನೊಂದೂ ತಗೋ, ಅಂವ ಎರಡು ತಿಂತಿದ್ದ."

ಎರಡನೇದೂ ತಿಂದೆ. ಒಂದು ತುತ್ತು ಉಳೀತು, ಇನ್ನ ಒಳಗ ಹೋಗವಲ್ದಾತು. ಚನ್ನವ್ವ ಮುಂದಕ್ಕ ಬಗ್ಗಿದ್ರು.

"ಉಂಡಾನೇನು?"

"ಉಂಡಾನ ಯವ್ವಾ."

ಚನ್ನವ್ವ ಉಳದ ಆ ತುತ್ತು ತಾವ ತಗೊಂಡು, ಹಿಂಡಿ ಒರೆಸಿಕೊಂಡು, ಬಾಯಾಗ ಹಾಕ್ಕೊಂಡ್ರು. ಅಗೀಲಿಕ್ಕೆ ಭಾಳ ಹೊತ್ತು ಹಿಡೀತು. ಮಲ್ಲೇಶ ಗ್ವಾಡಿಗೆ ಹಣಿ ಹಚ್ಚಿ ಅಳಾಕ ಹತ್ತಿದ, ಐವತ್ತೈದು ದಿನದಾಗ ಅಂವ ಅತ್ತದ್ದ ನಾ ಮೊದಲ ಕಂಡದ್ದು. ಮಾಸ್ತರು ಓಡಿ ಹೋಗಿ ಬಾಜೂ ಖಾನಾವಳಿಯಿಂದ ಮೆತ್ತನ್ನ ಅನ್ನ ಮಜ್ಜಿಗಿ ತಂದ್ರು. ನಾಕ ತುತ್ತು ಉಂಡ್ರು ಚನ್ನವ್ವ. ಎಣಿಸಿದೆ, ನಾಕ.

ಹೋಗೂವಾಗ ನನ್ನ ಗದ್ದಾ ಹಿಡದು ಅಂದ್ರು: "ಬರೂ ರವಿವಾರ ಅಮಾಸಿ. ಹಿರ‍್ಯಾರಿಗೆ ಎಡಿ ಹಿಡಿಯೂವಾಗ ಅವನ ಹೆಸರಿಂದೂ ಒಂದು ಹಿಡೀತೇನಿ. ನೀನೂ ಉಣ್ಣಾಕ ಬಾ."

ದೇವರು ಸುಳ್ಳು ಹೇಳಂಗಿಲ್ಲ ಅನ್ನೂ ಕಾಯ್ದೆ ನಾ ಮುರದೆನೋ ಇಲ್ಲೋ ತಿಳೀವಲ್ದು. ಮುರದಿದ್ರ ನನಗ ಬೈ. ಅಕಿಗೆ ಏನೂ ಅನಬ್ಯಾಡ.

ಸೆಪ್ಟೆಂಬರ್ 21, ರವಿವಾರ, ಅಮಾಸಿ

ಹಿಡಕಲ್‌ಗೆ ಹೋಗಿದ್ದೆ. ಗೌರಕ್ಕ ಹೋಳಿಗಿ ಮಾಡಿದ್ಳು. ಅಕಿ ಕೈಯಾಗ ಬಳಿ ಇರಲಿಲ್ಲ. ನಾ ಆ ಕೈ ಹಿಡಕೊಂಡು ಒಲಿ ಮುಂದ ಕುಂತೆ, ಇಬ್ಬರೂ ಅತ್ವಿ. ಕೆಂಚಪ್ಪನ ಫೋಟೋದ ಮುಂದ ಎಡಿ ಹಿಡದ್ರು, ಆಮ್ಯಾಲ ಚನ್ನವ್ವ ಆ ಎಡಿ ತಾಟು ತಂದು ನನ್ನ ಮುಂದ ಇಟ್ರು. ತಾವೂ ಬಾಜೂಕ ಕುಂತು, ಅದ ತಾಟಿನ್ಯಾಗ ಕೈ ಹಾಕಿದ್ರು. ಪೂರ್ತಿ ಒಂದು ಹೋಳಿಗಿ ತಿಂದ್ರು.

ಬಸ್ಸಿಗೆ ಬಂದಾಗ ಮಲ್ಲೇಶ ಕೇಳಿದ, "ಉದ್ದಪ್ಪನ ಅಣ್ಣ ಇನ್ನೂ ಗವಿಯಾಗ ಅದಾನಲ್ರಿ ಅಕ್ಕಾರ?" ಅದಾನಪಾ ಅಂದೆ. "ಅವನ್ನಾರ ಹೊರಗ ತರೂಣ್ರಿ," ಅಂದ.

ಇವತ್ತೂ ನೀ ಏನೂ ಅನಲಿಲ್ಲ. ಇರಲಿ. ನಾ ಉಂಡೇನಿ ಅಂತ ಹೇಳಾಕ ಬರದೆ, ಅಷ್ಟ.